ತೊಟ್ಟಿಯ ಪಾಚಿ ಮತ್ತು ಸಮಿತಿಯ ಠರಾವು

ನಮ್ಮ ಸಂಘದ ವಾಚನಾಲಯದಲ್ಲಿ ಪಶ್ಚಿಮದ ಕಿಟಕಿಗೆ ಆತುಕೊಂಡಂತೆ ಇಟ್ಟಿರುವ ಮೀನಿನ ತೊಟ್ಟಿಯನ್ನು ನೋಡದ ಸದಸ್ಯರಿಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 250 ಲೀಟರು ನೀರು ಹಿಡಿಯುತ್ತದೆ. ಈಗ ಅದರ ಗಾಜಿಗೆ ಯಾರೋ ಹಸಿರು ಬಣ್ಣ ಬಳಿದಂತಾಗಿದೆ. ಗಿಡಗಳ ಎಲೆಯಂಚಿಗೆ ಕರಿಯ ಗಡ್ಡ ಬೆಳೆದಿದೆ. ಒಂದು ಮೂಲೆಯ ಮರಳಿನ ಮೇಲೆ ನೀಲಿಹಸಿರು ಲೋಳೆ ಹಾಸಿಕೊಂಡಿದೆ. ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು. ಇದಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಇರುವುದು ಇದಕ್ಕಾಗಿ ಕಾರ್ಯಕಾರಿ ಸಮಿತಿಯವರು ಕಳೆದ ಸಭೆಯಲ್ಲಿ ಅಂಗೀಕರಿಸಿದ ಠರಾವಿನ ಬಗ್ಗೆ. ಜೀವಂತ ಗಿಡಗಳನ್ನು ಕಿತ್ತು ಪ್ಲಾಸ್ಟಿಕ್ ಗಿಡ ಇಡುವುದು, ಅಂಗಡಿಯವನೇ ತಿಂಗಳಿಗೊಮ್ಮೆ ಬಂದು ಪಾಚಿನಾಶಕ ಸುರಿದು ಹೋಗುವಂತೆ ವಾರ್ಷಿಕ ಕರಾರು ಮಾಡಿಕೊಳ್ಳುವುದು, ‘ಪಾಚಿ ತಿನ್ನುವ’ ಸಕ್ಕರ್ ಮೀನು ನಾಲ್ಕು ತಂದು ಬಿಡುವುದು - ಇದು ಠರಾವು. ಮೂರಕ್ಕೆ ಮೂರೂ ತಪ್ಪು. ಮುಂದಿನ ಮಹಾಸಭೆ ಇದಕ್ಕೆ ಮಂಜೂರಾತಿ ಕೊಡುವ ಮೊದಲು ಸದಸ್ಯ ಬಾಂಧವರು ನನ್ನ ನಾಲ್ಕು ಮಾತು ಕೇಳಬೇಕು.

ಮೊದಲಿಗೆ, ಪಾಚಿ ಒಂದು ರೋಗವೆಂಬ ಭ್ರಮೆ ಹೋಗಬೇಕು. ಬೆಳಕು, ನೀರು, ಸ್ವಲ್ಪ ಸಾರ - ಇವು ಇದ್ದಲ್ಲಿ ಪಾಚಿ ಇದ್ದೇ ಇರುತ್ತದೆ. ಊರಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲು ಜಾರಿಸಿದ್ದೂ ಅದೇ ಕುಲ. ವಾಚನಾಲಯದ ಬಾಗಿಲು ತೆರೆಯುವ ಕಾವಲುಗಾರ ಬೆಳಿಗ್ಗೆ ಎಂಟಕ್ಕೆ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತುತ್ತಾನೆ. ಅದರೊಂದಿಗೆ ತೊಟ್ಟಿಯ ಎರಡು ಎಲ್.ಇ.ಡಿ. ದೀಪಗಳೂ ಹೊತ್ತುತ್ತವೆ. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುವಾಗ ಆರುತ್ತವೆ. ಹದಿಮೂರು ಗಂಟೆ! ಇದು ಸಾಲದೆಂಬಂತೆ ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದ ಬಿಸಿಲು ನೇರವಾಗಿ ಗಾಜಿಗೆ ಬಡಿಯುತ್ತದೆ. ನೀರಿನೊಳಗಿನ ಗಿಡಗಳಿಗೆ ದಿನಕ್ಕೆ ಆರರಿಂದ ಎಂಟು ಗಂಟೆಯ ಬೆಳಕು ಧಾರಾಳವಾಗಿ ಸಾಕು. ಅದರ ಮೇಲಿನದೆಲ್ಲ ಪಾಚಿಗೆ ನಾವು ಇಟ್ಟ ಎಡೆ. ಇನ್ನು ಊಟದ ವಿಚಾರ. ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳು ಒಬ್ಬೊಬ್ಬರೂ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾರೆ. ಅದು ಮುಗಿದ ಮೇಲೆ ಬಿಸ್ಕತ್ತು. ದೀಪಾವಳಿಯಾದರೆ ಚಕ್ಕುಲಿಯ ಚೂರು. ಎರಡು ಮೂರು ನಿಮಿಷದಲ್ಲಿ ಮೀನು ತಿಂದು ಮುಗಿಸದ ಕಾಳೆಲ್ಲ ಮರಳಿನಲ್ಲಿ ಕೊಳೆತು ಅಮೋನಿಯ ಆಗುತ್ತದೆ. ಬೆಳಕೂ ನಾವೇ, ಗೊಬ್ಬರವೂ ನಾವೇ. ಬೆಳೆ ಬಂದಾಗ ಮಾತ್ರ ಬೈಗುಳ ಬೆಳೆಗೆ.

ಕಳೆದ ವರ್ಷ ಗಣೇಶೋತ್ಸವದ ಮುನ್ನ ನಡೆದ ‘ಶುದ್ಧೀಕರಣ’ ಕೆಲವರಿಗಾದರೂ ನೆನಪಿರಬಹುದು. ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಮರಳನ್ನು ಕುದಿನೀರಿನಲ್ಲಿ ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿ, ಹೊಸ ನೀರು ತುಂಬಿ ಮೀನುಗಳನ್ನು ಬಿಟ್ಟೆವು. ಬಿಟ್ಟೆವು ಎಂದೆ, ಸ್ಪಂಜು ಹಿಂಡಿದವನು ನಾನೇ. ತೊಟ್ಟಿ ಕನ್ನಡಿಯಂತೆ ಹೊಳೆಯಿತು. ನಾಲ್ಕನೆಯ ದಿನಕ್ಕೆ ಹನ್ನೊಂದು ಮೀನು ತೇಲಿದವು, ಅದೂ ಭಾನುವಾರ, ತರಗತಿಯ ಹೊತ್ತಿಗೆ. ಆಗ ಎಲ್ಲರೂ ‘ನೀರು ಕೆಟ್ಟದ್ದು’ ಎಂದರು. ನೀರು ಕೆಟ್ಟಿರಲಿಲ್ಲ, ನಾವು ಕೆಡಿಸಿದ್ದೆವು. ಆ ಕೊಳಕು ಸ್ಪಂಜಿನಲ್ಲಿ, ಆ ಮರಳಿನಲ್ಲಿ, ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಾಯಿಸುವ ಬ್ಯಾಕ್ಟೀರಿಯಗಳು ತಿಂಗಳುಗಟ್ಟಲೆ ಮನೆಮಾಡಿಕೊಂಡಿದ್ದವು. ಅರ್ಧ ಅಳಿದದ್ದು ಕುದಿನೀರಿಗೆ, ಉಳಿದರ್ಧ ನಲ್ಲಿಯ ಕ್ಲೋರಿನ್ನಿಗೆ. ಮೀನುಗಳು ತಮ್ಮ ಅಮೋನಿಯದಲ್ಲೇ ಉಸಿರುಕಟ್ಟಿದವು. ಪಾಚಿಯೋ, ಮೂರು ವಾರದಲ್ಲಿ ಮರಳಿ ಬಂತು. ಅಮೋನಿಯ ಮತ್ತು ಬೆಳಕು ಕೂಡಿದರೆ ಅದಕ್ಕೆ ಬೇರೆ ಆಮಂತ್ರಣ ಬೇಕಿಲ್ಲ.

ಈಗ ಬಾಟಲಿಯ ವಿಷಯ. ಅಂಗಡಿಯವನು ಮಾದರಿಗೆಂದು ಕೊಟ್ಟುಹೋದ ಬಾಟಲಿ ನನ್ನ ಮುಂದಿದೆ. ಒಳಗೇನಿದೆ ಎಂದು ಚೀಟಿಯಲ್ಲಿ ಒಂದಕ್ಷರ ಬರೆದಿಲ್ಲ. ದ್ರವದ ಬಣ್ಣ ಮಾತ್ರ ತಿಳಿನೀಲಿ. ಪೇಟೆಯಲ್ಲಿ ಸಿಗುವ ಪಾಚಿನಾಶಕಗಳಲ್ಲಿ ಹಲವು ತಾಮ್ರದ ಲವಣದಿಂದ ಮಾಡಿದವು. ಮಲೆನಾಡಿನಿಂದಲೂ ಕರಾವಳಿಯಿಂದಲೂ ಬಂದು ಮುಂಬಯಿಯಲ್ಲಿ ನೆಲೆಸಿದ ನಮಗೆ ತಾಮ್ರದ ಗುಣವನ್ನು ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಹೊಡೆಯುವ ಬೋರ್ಡೋ ದ್ರಾವಣ ನಮ್ಮ ತೋಟಗಳಲ್ಲಿ ಇಂದಿಗೂ ಇದೆ. ಅದನ್ನು ಹಳೆಯ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ ಅವರು ಶತಮಾನದ ಹಿಂದೆ ರೈತರಿಗೆ ಕಲಿಸಿಕೊಟ್ಟರು. ನೂರು ಲೀಟರು ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಆ ಡ್ರಮ್ಮನ್ನು ತೊಳೆದ ನೀರನ್ನು ಮೀನಿರುವ ಹಳ್ಳಕ್ಕೆ ಚೆಲ್ಲಿದವನನ್ನು ಹಿರಿಯರು ಸುಮ್ಮನೆ ಬಿಡುತ್ತಿದ್ದರೇ? ತೋಟದಲ್ಲಿ ಮರದ ಕೊನೆಗೆ ಹೊಡೆಯುವ ಔಷಧ ಬೇರೆ, ಜೀವಿಗಳು ಉಸಿರಾಡುವ ನೀರಿಗೆ ಸುರಿಯುವುದು ಬೇರೆ. ಬಸವನ ಹುಳು, ಸಿಗಡಿಗಳಿಗೆ ತಾಮ್ರ ತೀರ ಅಲ್ಪ ಪ್ರಮಾಣದಲ್ಲೂ ಮೃತ್ಯು. ಮೀನಿಗಾದರೋ, ನೀರು ಗಡಸಾಗಿದ್ದರೆ ತಾಮ್ರದ ವಿಷ ಅಷ್ಟಿಷ್ಟು ತಗ್ಗುತ್ತದೆ, ಮೆದುವಾಗಿದ್ದರೆ ಏರುತ್ತದೆ. ಭಾತಸಾ, ತಾನಸಾ, ವೈತರಣಾಗಳಿಂದ ನಮಗೆ ಬರುವುದು ಮಳೆಯ ಮೆದು ನೀರು. ಚೆನ್ನೈಯ ಕೊಳವೆಬಾವಿಯ ನೀರಿಗೆ ಬದುಕಿ ಉಳಿದ ಮೀನು ಇಲ್ಲಿ ಉಳಿಯಲಾರದು.

ಇನ್ನು ಕೆಲವು ಬಾಟಲಿಗಳು ‘ದ್ರವ ಇಂಗಾಲ’ ಎಂಬ ಚೆಂದದ ಹೆಸರಿನಿಂದ ಬರುತ್ತವೆ. ಒಳಗಿರುವುದು ಗ್ಲುಟರಾಲ್ಡಿಹೈಡ್, ಆಸ್ಪತ್ರೆಯಲ್ಲಿ ಉಪಕರಣಗಳನ್ನು ಅದ್ದಿಡುವ ಕ್ರಿಮಿನಾಶಕವೇ. ಕರಿಯ ಗಡ್ಡವನ್ನು ಅದು ಕೊಲ್ಲುತ್ತದೆ, ಸುಳ್ಳಲ್ಲ. ನಮ್ಮ ತೊಟ್ಟಿಯ ಹಿಂಬದಿಯಲ್ಲಿ ರಿಬ್ಬನ್ನಿನಂತೆ ಎದ್ದಿರುವ ವ್ಯಾಲಿಸ್ನೇರಿಯವನ್ನೂ ಕರಗಿಸಿಬಿಡುತ್ತದೆ. ಯಾವ ಬಾಟಲಿಯೇ ಆಗಲಿ, ಒಮ್ಮೆಲೇ ಸತ್ತ ಪಾಚಿ ಎಲ್ಲಿಗೆ ಹೋಗುತ್ತದೆ? ಅಲ್ಲೇ ಕೊಳೆಯುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕ ತಿಂದು ಅಮೋನಿಯ ಬಿಡುತ್ತದೆ. ರಾತ್ರಿ ಗಿಡಗಳೂ ಆಮ್ಲಜನಕ ಕೊಡುವುದಿಲ್ಲ. ಬೆಳಗಿನ ಜಾವ ಮೀನುಗಳು ನೀರ ಮೇಲೆ ಬಾಯಿ ತೆರೆದು ಗುಟುಕರಿಸುವುದು ಇದಕ್ಕೇ. ಆ ಅಮೋನಿಯವೇ ಮುಂದಿನ ಪಾಚಿಗೆ ಊಟ, ಮತ್ತೆ ಬಾಟಲಿ. ವಾರ್ಷಿಕ ಕರಾರು ಎಂದರೆ ಇದೇ ಇರಬೇಕು.

ಗಿಡ ಕೀಳುವ ಮಾತಿಗೆ ಬರೋಣ. ಇಷ್ಟು ವಿಪರೀತವಾದ ತರ್ಕವನ್ನು ನಾನು ಕಂಡಿಲ್ಲ. ಪ್ಲಾಸ್ಟಿಕ್ ಎಲೆಯ ಮೇಲೂ ಪಾಚಿ ಕೂರುತ್ತದೆ; ಜೀವಂತ ಗಿಡಕ್ಕಾದರೆ ನೀರಿನ ಸಾರದಲ್ಲಿ ಪಾಲು ಬೇಕು, ಪ್ಲಾಸ್ಟಿಕ್ಕಿಗೆ ಅದೂ ಬೇಡ. ಗದ್ದೆಯಲ್ಲಿ ನೇಜಿಯನ್ನು ತೆಳ್ಳಗೆ ನೆಟ್ಟವನಿಗೆ ಕಳೆ ಹೆಚ್ಚು ಎಂಬುದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಕಳೆ ಬಂತೆಂದು ನೇಜಿಯನ್ನೇ ಕಿತ್ತವರ ಕಥೆ ಕೇಳಿಲ್ಲ. 1996ರಲ್ಲಿ ಪಾಲ್ ಸಿಯರ್ಸ್, ಕೆವಿನ್ ಕಾನ್ಲಿನ್ ಎಂಬಿಬ್ಬರು ಹವ್ಯಾಸಿಗಳು ಒಂದು ಬರಹ ಪ್ರಕಟಿಸಿದರು. ಪೊಟ್ಯಾಸಿಯಮ್ ನೈಟ್ರೇಟ್, ಪೊಟ್ಯಾಸಿಯಮ್ ಸಲ್ಫೇಟ್, ಎಪ್ಸಮ್ ಲವಣ, ಕಬ್ಬಿಣ ಮೊದಲಾದ ಸೂಕ್ಷ್ಮ ಪೋಷಕಗಳು - ಅಗ್ಗದ ಸರಕುಗಳನ್ನೇ ಬೆರೆಸಿ ದಿನಕ್ಕಿಷ್ಟು ಹನಿ ಹಾಕಿ ಗಿಡಗಳಿಗೆ ಹೊಟ್ಟೆತುಂಬ ಉಣ್ಣಿಸಿ, ಫಾಸ್ಫೇಟನ್ನು ಮಾತ್ರ ಬಿಗಿಹಿಡಿದರೆ ಪಾಚಿ ಸೋಲುತ್ತದೆ ಎಂಬುದು ಅವರ ವಾದ. ಅನಂತರ ಟಾಮ್ ಬಾರ್ ಮೊದಲಾದವರು ಫಾಸ್ಫೇಟನ್ನೂ ಬೇಕೆಂದೇ ಸೇರಿಸಿ, ಗಿಡಗಳು ಪುಷ್ಟಿಯಾಗಿದ್ದರೆ ಅದರಿಂದಲೂ ಪಾಚಿ ಬರಲಿಲ್ಲವೆಂದು ಹೇಳಿ ಆ ಅರ್ಧವನ್ನು ಅಲ್ಲಗಳೆದರು. 1999ರಲ್ಲಿ ಪುಸ್ತಕ ಬರೆದ ಡಯಾನಾ ವಾಲ್‌ಸ್ಟಾಡ್ ಅವರದು ಇನ್ನೊಂದು ದಾರಿ: ಮರಳಿನ ಕೆಳಗೆ ಮಣ್ಣು, ನೀರಿನ ಮೇಲೆ ತೇಲುವ ಗಿಡ. ಪಂಡಿತರ ಜಗಳ ಅವರಿಗಿರಲಿ. ಪಾಚಿಯನ್ನು ಹದ್ದಿನಲ್ಲಿಡುವುದು ಚೆನ್ನಾಗಿ ಬೆಳೆಯುವ ಗಿಡ ಎಂಬ ಮಾತಿನಲ್ಲಿ ಅವರೆಲ್ಲರದೂ ಒಂದೇ ಮತ. ನಮ್ಮ ಊರ ಕೆರೆಯ ಅಂತರಗಂಗೆ ನಾಲ್ಕು ಬುಡ ತೇಲಿಬಿಟ್ಟರೆ ಸಾಕು, ನೀರಿನ ಸಾರ ಹೀರುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ವಾರಕ್ಕೊಮ್ಮೆ ಹೆಚ್ಚಾದುದನ್ನು ತೆಗೆದು ಕುಂಡಕ್ಕೆ ಗೊಬ್ಬರ ಮಾಡಬೇಕು, ಅಷ್ಟೆ. ಮತ್ತೊಂದು ಸಂಗತಿ: ಬಲಬದಿಯಲ್ಲಿ ಕೆಂಪಗೆ ಸೊರಗಿ ನಿಂತಿರುವ ರೊಟಾಲ ಮ್ಯಾಕ್ರಾಂಡ್ರ ನಮ್ಮ ಪಶ್ಚಿಮ ಘಟ್ಟದ್ದೇ ಗಿಡ. ಪರದೇಶದವರು ಹಣ ಕೊಟ್ಟು ಕೊಂಡು ಸಾಕುತ್ತಾರೆ. ಕನ್ನಡ ಸಂಘದವರು ಸಹ್ಯಾದ್ರಿಯ ಗಿಡವನ್ನು ಕಿತ್ತು ಆ ಜಾಗದಲ್ಲಿ ಕೆಂಪು ಪ್ಲಾಸ್ಟಿಕ್ ಇಡುವುದು, ಅದೂ ರಾಜ್ಯೋತ್ಸವಕ್ಕೆ ಮುನ್ನ!

ಸಕ್ಕರ್ ಮೀನು ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಗಳಲ್ಲಿ ಎರಡು ಅಂಗುಲದ ಮುದ್ದುಮರಿ. ತೊಟ್ಟಿಯಲ್ಲಿ ಅದು ಒಂದೂವರೆ ಅಡಿಯವರೆಗೂ ಬೆಳೆಯಬಲ್ಲದು. ಮರಿಯಾಗಿದ್ದಾಗ ಪಾಚಿ ಕೆರೆದು ತಿನ್ನುತ್ತದೆ. ದೊಡ್ಡದಾದ ಮೇಲೆ ಉಳಿದ ಮೀನುಗಳ ಕಾಳಿಗೇ ಕೈಹಾಕಿ, ಗಿಡ ಬುಡಮೇಲು ಮಾಡಿ, ತಾನು ತಿಂದ ಪಾಚಿಯ ಹತ್ತುಪಟ್ಟು ಮಲ ಹಾಕುತ್ತದೆಯೇನೋ ಎನ್ನಿಸುತ್ತದೆ. ಕರಿಗಡ್ಡವನ್ನೂ ನೀಲಿಹಸಿರು ಲೋಳೆಯನ್ನೂ ಅದು ಮೂಸುವುದಿಲ್ಲ. ಆಮೇಲೇನು? ನನಗೆ ಪರಿಚಯವಿರುವ ಮೂರು ಮನೆಗಳವರು ‘ಪಾಪ, ಕೊಲ್ಲುವುದೇಕೆ’ ಎಂದು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡರು. ದಕ್ಷಿಣ ಅಮೆರಿಕದ ಈ ಮೀನು ಇಂಥ ಪುಣ್ಯವಂತರಿಂದಲೇ ಕೋಲ್ಕತ್ತೆಯ ಜೌಗುಭೂಮಿ, ಕೇರಳದ ಕಾಲುವೆ, ಆಂಧ್ರದ ಕೆರೆಗಳನ್ನು ಸೇರಿತು. ದಡ ಕೊರೆದು ಗೂಡು ಮಾಡುತ್ತದೆ; ಮೈಮೇಲಿನ ಮುಳ್ಳಿನಿಂದ ಬೆಸ್ತರ ಬಲೆ ಹರಿಯುತ್ತದೆ; ಪೇಟೆಯಲ್ಲಿ ಕೊಳ್ಳುವವರಿಲ್ಲ. ನಮ್ಮ ವಾಚನಾಲಯದ ಗಾಜು ಹೊಳೆಯಲೆಂದು ಎಲ್ಲಿಯದೋ ಬೆಸ್ತನ ಬಲೆ ಹರಿಯಬೇಕೆ?

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ: ನಮ್ಮಲ್ಲಿ ಪಾಚಿ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಜೀವಿಗಳಿವೆ. ಗಾಜಿನ ಮೇಲಿನ ಹಸಿರನ್ನು ಹಳೆಯ ಟೆಲಿಫೋನ್ ಕಾರ್ಡಿನಂಥ ಗಟ್ಟಿ ಪ್ಲಾಸ್ಟಿಕ್ ಚೂರಿನಿಂದ ಹೆರೆದರಾಯಿತು. ಹಿಂಗಾಜಿನದನ್ನು ಬಿಟ್ಟರೂ ನಷ್ಟವಿಲ್ಲ, ಮೀನಿಗೆ ಮೇವು. ಕರಿಗಡ್ಡ ವಾಸ್ತವದಲ್ಲಿ ಕೆಂಪು ಪಾಚಿಯ ವಂಶದ್ದು - ಒಂದು ಎಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನೋಡಿ, ಹಸಿರು ಕರಗಿ ಕೆಂಪು ಹೊರಬೀಳುತ್ತದೆ. ಅದು ಕೂತ ಹಳೆಯ ಎಲೆಗಳನ್ನು ಕತ್ತರಿಸಿ ಎಸೆಯುವುದೇ ಸರಿ. ಆ ಎಲೆ ಮತ್ತೆ ಚೇತರಿಸಿಕೊಳ್ಳದು. ನೀಲಿಹಸಿರು ಲೋಳೆ ನಿಜವಾಗಿ ಪಾಚಿಯೇ ಅಲ್ಲ, ಬ್ಯಾಕ್ಟೀರಿಯ. (ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಸಂಶೋಧನೆ ನಡೆದಿರುವ, ನಾವು ಶಕ್ತಿಗೆಂದು ಗುಳಿಗೆಯಾಗಿ ನುಂಗುವ ಸ್ಪಿರುಲಿನ ಇದರ ದಾಯಾದಿ.) ಬ್ಯಾಕ್ಟೀರಿಯವಾದ್ದರಿಂದ ಎರಿಥ್ರೊಮೈಸಿನ್‌ಗೆ ಸಾಯುತ್ತದೆ ಎಂದು ಸದಸ್ಯರೊಬ್ಬರು ಗುಳಿಗೆ ತರಲು ಹೊರಟಿದ್ದರು. ಸಾಯುತ್ತದೆ. ಆದರೆ ಮನುಷ್ಯರ ಔಷಧವನ್ನು ತೊಟ್ಟಿಗೆ ಹಾಕಿ, ಆ ನೀರನ್ನು ಮೋರಿಗೆ ಬಿಟ್ಟು, ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಬೆಳೆಸುವ ಕೆಲಸದಲ್ಲಿ ನಾವೂ ಕೈಜೋಡಿಸಬೇಕೆ? ಲೋಳೆಯನ್ನು ಕೊಳವೆಯಿಂದ ಹೀರಿ ತೆಗೆದು, ದೀಪ ಆರಿಸಿ, ಗಾಳಿಯ ಪಂಪು ಓಡುತ್ತಿರುವಂತೆ ನೋಡಿಕೊಂಡು, ತೊಟ್ಟಿಗೆ ಮೂರು ದಿನ ಜಮಖಾನ ಹೊದಿಸಿದರೆ ಬಹುಪಾಲು ಹೋಗುತ್ತದೆ. ಮೀನುಗಳಿಗೆ ಮೂರು ದಿನದ ಉಪವಾಸ ಏನೂ ಅಲ್ಲ.

ಕಾರ್ಯದರ್ಶಿಗಳು ನನ್ನ ಹಳೆಯ ಸ್ನೇಹಿತರು. ‘ಇದಕ್ಕೆಲ್ಲ ಯಾರಿಗೆ ಸ್ವಾಮಿ ಪುರುಸೊತ್ತು? ಲೋಕಲ್ ಗಾಡಿಯಲ್ಲೇ ಮೂರು ಗಂಟೆ ಹೋಗುತ್ತದೆ’ ಎನ್ನುತ್ತಾರೆ. ನ್ಯಾಯವಾದ ಮಾತು. ಆದರೆ ದೀಪಕ್ಕೆ ಟೈಮರು ಕೂರಿಸಿದರೆ ಯಾರೂ ಏನೂ ಮಾಡಬೇಕಾಗಿಲ್ಲ. ಕಾವಲುಗಾರನ ಗುಂಡಿಯಿಂದ ಆ ತಂತಿಯನ್ನು ಬಿಡಿಸಿ ಮಧ್ಯಾಹ್ನ ಎರಡರಿಂದ ಒಂಬತ್ತರವರೆಗೆ ಇಟ್ಟರೆ ಸಂಜೆ ಬರುವವರಿಗೂ ಮೀನು ಕಾಣುತ್ತದೆ. ಕಿಟಕಿಗೆ ಒಂದು ದಪ್ಪ ಪರದೆ. ವಾರಕ್ಕೊಮ್ಮೆ 75 ಲೀಟರು, ಎಂದರೆ ಐದು ಬಕೆಟ್ಟು ನೀರು ತೆಗೆದು, ಹೈಪೋ ಹರಳು ಕರಗಿಸಿ ಕ್ಲೋರಿನ್ ಕಳೆದ ಐದು ಬಕೆಟ್ಟು ತುಂಬಬೇಕು. ತೆಗೆದ ನೀರು ಗೇಟಿನ ಬಳಿಯ ತುಳಸಿಗೂ ದಾಸವಾಳಕ್ಕೂ ಒಳ್ಳೆಯದು. ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಅದ್ದಿ ಅಲುಗಿಸಬೇಕು, ನಲ್ಲಿಗೆ ಹಿಡಿಯಕೂಡದು. ಮೀನಿನ ಕಾಳಿನ ಡಬ್ಬಿಗೆ ಬೀಗ ಹಾಕಿ ದಿನಕ್ಕೊಬ್ಬ ಮಗುವಿಗೆ ಸರದಿ ಕೊಟ್ಟರೆ ಜಗಳವೂ ಇಲ್ಲ.

ಆರು ವಾರ ಈ ಠರಾವನ್ನು ತಡೆಹಿಡಿಯಬೇಕೆಂದು ನಾನು ಮಹಾಸಭೆಯಲ್ಲಿ ತಿದ್ದುಪಡಿ ತರುತ್ತೇನೆ. ಅನುಮೋದಿಸಲು ಒಬ್ಬರು ಬೇಕು. ಐದು ಬಕೆಟ್ಟುಗಳ ಹೊಣೆ ಭಾನುವಾರ ಬೆಳಿಗ್ಗೆ ನನ್ನದು. ವಾಚನಾಲಯದ ಬೀಗದ ಕೈ ಯಾರ ಬಳಿ ಇದೆಯೆಂದು ಕಾರ್ಯದರ್ಶಿಗಳು ತಿಳಿಸಿದರೆ ಸಾಕು.