ಒಂದು ಸಂಗತಿಗೆ ಒಂದೇ ಜಾಗ

ಎಂಟನೆಯ ತರಗತಿಯ ಹುಡುಗಿಯೊಬ್ಬಳ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಗಿ ಬಂತು. ಕಾರಣ ಹುಡುಕುತ್ತ ಸ್ಟಾಫ್‌ರೂಮಿನಲ್ಲಿ ಪುಸ್ತಕಗಳನ್ನು ಹರಡಿಕೊಂಡು ಕುಳಿತೆ. ದಾಖಲಾತಿ ಪುಸ್ತಕದಲ್ಲಿ ಅವಳ ಹುಟ್ಟಿದ ತಾರೀಕು 12, ಅಂಕಗಳ ಪುಸ್ತಕದಲ್ಲಿ 21. ಹಾಜರಿ ಪುಸ್ತಕದಲ್ಲಿ ಹೆಸರಿನ ಇನಿಷಿಯಲ್ಲೇ ಬೇರೆ. ಅರ್ಜಿಗೆ ಹೋದದ್ದು ತಪ್ಪು ತಾರೀಕು. ಈ ಪುಸ್ತಕಗಳನ್ನು ಬರೆದವರಲ್ಲಿ ನಾನೂ ಒಬ್ಬ. ಯಾರೂ ಬೇಕೆಂದು ತಪ್ಪು ಬರೆದಿರಲಿಲ್ಲ. ಒಂದೇ ಸಂಗತಿಯನ್ನು ಮೂರು ಕಡೆ ಬರೆದಿದ್ದೆವು, ಅಷ್ಟೇ.

ಈ ಕಾಯಿಲೆ ನಮ್ಮ ಶಾಲೆಯದು ಮಾತ್ರವಲ್ಲ. ಗಣಕಯಂತ್ರಗಳು ದೊಡ್ಡ ಕಚೇರಿಗಳಿಗೆ ಬಂದ ಹೊಸತರಲ್ಲಿ ಅಲ್ಲೂ ಇದೇ ಪಾಡು. ಮಾಹಿತಿಯನ್ನು ಮರದ ಕೊಂಬೆ-ರೆಂಬೆಗಳ ಹಾಗೆ ಜೋಡಿಸಿಡುತ್ತಿದ್ದರು. ಯಾವ ಕೊಂಬೆ ಹಿಡಿದು ಎಲ್ಲಿಗೆ ಹೋಗಬೇಕೆಂಬುದು ಪ್ರೋಗ್ರಾಂ ಬರೆಯುವವನಿಗೆ ಗೊತ್ತಿರಬೇಕು. ಜೋಡಣೆ ಬದಲಾದರೆ ಪ್ರೋಗ್ರಾಮೂ ಕೆಡುತ್ತಿತ್ತು.

ಇದಕ್ಕೆ ಮದ್ದು ಕಂಡುಹಿಡಿದವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ 1923ರಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿದ ಇವರು ಆಮೇಲೆ ಅಮೆರಿಕದ ಐಬಿಎಂ ಕಂಪನಿ ಸೇರಿದರು. 1970ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಸಾರವನ್ನು ಹೈಸ್ಕೂಲು ಮಕ್ಕಳಿಗೂ ಹೇಳಬಹುದು. ಎಲ್ಲವನ್ನೂ ಕೋಷ್ಟಕಗಳಲ್ಲಿ ಇಡಿ. ವಿದ್ಯಾರ್ಥಿಗಳ ಕೋಷ್ಟಕದಲ್ಲಿ ಪ್ರತಿ ಮಗುವಿಗೆ ಒಂದು ಸಾಲು, ಒಂದು ಸಂಖ್ಯೆ. ಹೆಸರು, ಹುಟ್ಟಿದ ದಿನ ಅಲ್ಲಿ ಮಾತ್ರ. ಅಂಕಗಳ ಕೋಷ್ಟಕದಲ್ಲಿ ಹೆಸರೇ ಇಲ್ಲ. ಆ ಸಂಖ್ಯೆ, ವಿಷಯ, ಅಂಕ ಇಷ್ಟೇ. ಅಂಕಪಟ್ಟಿ ಬೇಕಾದಾಗ ಸಂಖ್ಯೆಯ ಜಾಡು ಹಿಡಿದು ಯಂತ್ರವೇ ಎರಡನ್ನೂ ಕೂಡಿಸಿಕೊಡುತ್ತದೆ. ಏನು ಬೇಕೆಂದು ಕೇಳಿದರೆ ಸಾಕು, ಹೇಗೆ ಹುಡುಕಬೇಕೆಂದು ಹೇಳಬೇಕಿಲ್ಲ. ಹಾಗೆ ಕೇಳುವ ಭಾಷೆ, ಇಂದಿನ ಎಸ್‌ಕ್ಯೂಎಲ್, 1974ರಲ್ಲಿ ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ ಅವರಿಂದ ಬಂತು. ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಒಂದು ಸಂಗತಿಗೆ ಒಂದೇ ಜಾಗ. ತಿದ್ದಿದರೆ ಎಲ್ಲ ಕಡೆಯೂ ತಿದ್ದಿದ ಹಾಗೆ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆ ಒಂದು ಜಾಗ ಹೋದರೆ ಎಲ್ಲವೂ ಹೋದಂತೆ. ಅದಕ್ಕೇ ದತ್ತಸಂಚಯಕ್ಕೊಬ್ಬ ಕಾವಲುಗಾರ ಬೇಕು. ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಎಂಬ ಈ ಹುದ್ದೆಗೆ ನಮ್ಮ ಹಿಂದಿನವರ ಮಾತಿನಲ್ಲಿ ಪಾರುಪತ್ಯಗಾರ ಎನ್ನಬಹುದು. ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಗೊತ್ತು ಮಾಡುವವನು ಅವನೇ.

ಅವನ ಬಳಿ ಒಂದು ಕಿರ್ದಿಯೂ ಇರುತ್ತದೆ. ಅಂಗಡಿಯ ಶೆಟ್ಟರು ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಾರಲ್ಲ, ದತ್ತಸಂಚಯವೂ ಹಾಗೆಯೇ. ಪ್ರತಿ ಬದಲಾವಣೆಯೂ ಮೊದಲು ಲಾಗ್ ಎಂಬ ಕಡತಕ್ಕೆ. ನಡುವೆ ಕರೆಂಟು ಹೋದರೂ ಆ ಕಿರ್ದಿ ನೋಡಿ ಕೆಲಸವನ್ನು ಮುಗಿಸಬಹುದು ಅಥವಾ ಪೂರ್ತಿ ರದ್ದು ಮಾಡಬಹುದು. ಒಬ್ಬರ ಖಾತೆಯಿಂದ ಐನೂರು ಕಳೆದು ಇನ್ನೊಬ್ಬರಿಗೆ ಕೂಡದೆ ಉಳಿಯುವ ಅರ್ಧಂಬರ್ಧಕ್ಕೆ ಎಡೆಯಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕೆಲಸ ಪ್ರತಿ ತೆಗೆದಿಡುವುದು. ಅದರಲ್ಲಿ ಘಟಾನುಘಟಿಗಳೂ ಎಡವಿದ್ದಾರೆ. ಜಗತ್ತಿನ ಸಾವಿರಾರು ತಂತ್ರಜ್ಞರು ತಮ್ಮ ಕೆಲಸವನ್ನು ಇಟ್ಟಿದ್ದ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರ ರಾತ್ರಿ ಹೀಗಾಯಿತು. ದಣಿದಿದ್ದ ಎಂಜಿನಿಯರೊಬ್ಬರು ಎರಡನೆಯ ಯಂತ್ರದಲ್ಲಿ ಅಳಿಸಬೇಕಾದದ್ದನ್ನು ಮುಖ್ಯ ಯಂತ್ರದಲ್ಲೇ ಅಳಿಸಿಬಿಟ್ಟರು. ಕ್ಷಣದಲ್ಲೇ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದಿದ್ದದ್ದು ನಾಲ್ಕೂವರೆ. ಪ್ರತಿಗಳಿವೆಯಲ್ಲ ಎಂದು ಹುಡುಕಿದರೆ ದಿನವೂ ತೆಗೆಯಬೇಕಿದ್ದ ಪ್ರತಿ ಆಗುತ್ತಲೇ ಇರಲಿಲ್ಲ. ಆಗುತ್ತಿಲ್ಲವೆಂದು ಯಂತ್ರ ಕಳಿಸಿದ ಎಚ್ಚರಿಕೆಯ ಮಿಂಚಂಚೆಗಳೂ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕಾಪಾಡಿದ್ದು, ಬೇರಾವುದೋ ಕೆಲಸಕ್ಕೆಂದು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಪ್ರತಿ. ನಡುವಿನ ಆರು ಗಂಟೆಗಳ ಮಾಹಿತಿ ಹೋಯಿತು. ಕಂಪನಿ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಬಹಿರಂಗವಾಗಿ ಹೇಳಿಕೊಂಡಿತು. ಅದು ದೊಡ್ಡ ಗುಣ.

ಹುಡುಗಿಯ ಪ್ರಸಂಗದ ನಂತರ ಶಾಲೆಯ ಗಣಕದಲ್ಲಿ ನಾನೂ ಒಂದು ಪುಟ್ಟ ದತ್ತಸಂಚಯ ಕಟ್ಟಿದ್ದೆ. ಜನನ ಪತ್ರ ನೋಡಿ ಅವಳ ತಾರೀಕನ್ನು 12 ಎಂದು ತಿದ್ದಿದ್ದೆ. ದೀಪಾವಳಿಗೆ ಊರಿಗೆ ಬಂದ ಹಳೆಯ ಶಿಷ್ಯನಿಗೆ ಅದನ್ನು ಹೆಮ್ಮೆಯಿಂದ ತೋರಿಸಿದೆ. ಬೆಂಗಳೂರಿನಲ್ಲಿ ಅವನದು ಇದೇ ಪಾರುಪತ್ಯದ ಕೆಲಸ.

“ಬ್ಯಾಕಪ್ ಇಟ್ಟಿದ್ದೀರಾ ಸಾರ್?” ಎಂದ.

“ಇದೆಯಪ್ಪ, ಪ್ರತಿ ಶನಿವಾರ ಪೆನ್‌ಡ್ರೈವ್‌ಗೆ ಹಾಕ್ತೀನಿ.”

“ಅದನ್ನ ಯಾವತ್ತಾದರೂ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದ್ದೀರಾ?”

ನೋಡಿರಲಿಲ್ಲ. ಇಬ್ಬರೂ ಕೂತು ಹಾಕಿ ನೋಡಿದೆವು. ಪೆನ್‌ಡ್ರೈವ್ ತುಂಬಿ ನಾಲ್ಕು ತಿಂಗಳಾಗಿತ್ತು. ಹೊಸ ಪ್ರತಿ ಒಂದೂ ಸೇರಿರಲಿಲ್ಲ. ಪ್ರತಿ ಶನಿವಾರ ಪರದೆಯ ಮೇಲೆ ಏನೋ ಸೂಚನೆ ಬರುತ್ತಿತ್ತು. ಮನೆಗೆ ಹೋಗುವ ಅವಸರದಲ್ಲಿ ಓದದೆಯೇ ಸರಿ ಎಂದು ಒತ್ತುತ್ತಿದ್ದೆ. ಆ ಹಳೆಯ ಪ್ರತಿಯಲ್ಲಿ ಹುಡುಗಿಯ ತಾರೀಕು ಇನ್ನೂ 21 ಆಗಿಯೇ ಇತ್ತು.

ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ನಾನೇ ಹೇಳುತ್ತೇನೆ, ಮಾಡಿ ನೋಡದೆ ನಂಬಬೇಡಿ ಎಂದು. ಆ ಮಾತು ನನಗೆ ತಿರುಗಿ ಬಂದಿತ್ತು. ಈಗ ತಿಂಗಳ ಮೊದಲ ಶನಿವಾರ ಪ್ರತಿಯನ್ನು ಇನ್ನೊಂದು ಗಣಕದಲ್ಲಿ ತೆರೆದು ನೋಡುತ್ತೇನೆ. ಮೊದಲು ನೋಡುವುದು ಆ ಹುಡುಗಿಯ ಸಾಲನ್ನೇ.