ಮಗಳ ಸ್ಕೋರು ಕಡಿಮೆಯೇ?

ಮೋಟೆಬೆನ್ನೂರಿನ ಸೋದರಿಯೊಬ್ಬರು ಬರೆದಿದ್ದಾರೆ: “ಮಗಳು ಸಿವಿಲ್ ಇಂಜಿನಿಯರಿಂಗ್ ಮುಗಿಸ್ಯಾಳ. ಎಂ.ಟೆಕ್. ಓದಬೇಕಂತ ಗೇಟ್ ಪರೀಕ್ಷೆ ಬರದಿದ್ಳು. ಸ್ಕೋರು 412 ಬಂದೈತಿ. ಸಾವಿರಕ್ಕ ನಾನೂರು ಅಂದ್ರ ಏನ್ ಬಂತು, ಓದಿಸಿದ್ದು ಸಾಕು, ಗಂಡು ನೋಡ್ರಿ ಅಂತಾರ ಮಂದಿ. ನಮ್ಮ ಯಜಮಾನ್ರೂ ಹಂಗ ಅನ್ನಾಕ ಹತ್ಯಾರ. ಏನ್ ಮಾಡ್ಲಿ ಅಕ್ಕಾ?”

ತಂಗೀ, ಮೊದಲು ಒಂದು ಮಾತು. 412 ಎಂದರೆ ನೂರಕ್ಕೆ 41 ಅಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿದ ಕಣ್ಣಿನಿಂದ ಇದನ್ನು ನೋಡಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಏಳು ಐ.ಐ.ಟಿ.ಗಳ ಹೊಣೆಯಲ್ಲಿ ನಡೆಯುವ ಈ ಪರೀಕ್ಷೆ 100 ಅಂಕದ್ದು, 3 ಗಂಟೆಯದು. ಆ ಅಂಕವನ್ನೇ ಲೆಕ್ಕ ಹಾಕಿ ಸ್ಕೋರು ಮಾಡುತ್ತಾರೆ. ಸಾಮಾನ್ಯ ವರ್ಗದಲ್ಲಿ ಅರ್ಹತೆಯ ಗಡಿ ದಾಟಿದವರಿಗೆ 350. ತೀರಾ ಮೇಲಿನವರ ಸರಾಸರಿಗೆ 900. ಹಾಗಾಗಿ ನಿಮ್ಮ ಮಗಳು ನಪಾಸಾಗಿಲ್ಲ, ಗಡಿ ದಾಟಿ ಒಳಗೆ ಬಂದಿದ್ದಾಳೆ.

ಹಾಗಂತ ಬೇಕಾದಲ್ಲಿ ಸೀಟು ಸಿಗುತ್ತದೆಂದು ಹೇಳಿದರೆ ಸುಳ್ಳಾದೀತು. ಹೆಸರಾಂತ ಐ.ಐ.ಟಿ.ಗಳಲ್ಲಿ ಈ ಸ್ಕೋರಿಗೆ ಎಂ.ಟೆಕ್. ಸಿಗುವುದು ಕಷ್ಟವೇ.

ನಿಮ್ಮ ಬ್ಯಾಡಗಿ ಪೇಟೆಯನ್ನೇ ನೋಡಿರಿ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ, ಖಾರಕ್ಕಲ್ಲ. ಖಾರವೇ ಬೇಕಾದವರು ಗುಂಟೂರಿನದನ್ನು ಕೊಳ್ಳುತ್ತಾರೆ. ಪರೀಕ್ಷೆಯೂ ಹಾಗೆಯೇ, ಒಂದು ಗುಣವನ್ನು ಅಳೆಯುತ್ತದೆ. ಮೂರು ಗಂಟೆಯಲ್ಲಿ ಎಷ್ಟು ಲೆಕ್ಕ ಬಿಡಿಸಿದಳೆಂಬುದು ಗೊತ್ತಾಗುತ್ತದೆ. ಎರಡು ವರ್ಷ ಬಿಡದೆ ದುಡಿಯುವ ತಾಳ್ಮೆ ಇದೆಯೋ ಇಲ್ಲವೋ ಎಂಬುದು ಅದರಲ್ಲಿ ಕಾಣದು. ಅಮೆರಿಕದ ಕಾಲೇಜುಗಳಿಗೆಂದು ಬರೆಯುವ ಜಿ.ಆರ್.ಇ. ಪರೀಕ್ಷೆಯವರೇ, ಬರೀ ಸ್ಕೋರಿನ ಗಡಿ ಹಾಕಿ ಅಭ್ಯರ್ಥಿಯನ್ನು ತಳ್ಳಿಹಾಕಬಾರದೆಂದು ಹೇಳಿದ್ದಾರೆ.

ಈಗ ಮಾಡಬೇಕಾದ್ದು ಇಷ್ಟು:

1. ಸ್ಕೋರ್ ಕಾರ್ಡಿನಲ್ಲಿ ಅಂಕ, ಸ್ಕೋರು, ರ‍್ಯಾಂಕು ಮೂರೂ ಬೇರೆ ಬೇರೆ ಇರುತ್ತವೆ. ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಡಿ.

2. ಎನ್.ಐ.ಟಿ.ಗಳಿಗೆ ಸಿ.ಸಿ.ಎಂ.ಟಿ. ಎಂಬ ಒಟ್ಟು ಕೌನ್ಸೆಲಿಂಗ್ ಉಂಟು; ನಮ್ಮ ಸುರತ್ಕಲ್ಲೂ ಅದರಲ್ಲಿದೆ. ಹಿಂದಿನ ವರ್ಷ ಯಾವ ಸೀಟು ಯಾವ ಸ್ಕೋರಿಗೆ ನಿಂತಿತೆಂಬ ಪಟ್ಟಿ ಸಿಗುತ್ತದೆ. ಅದೇ ವಿಷಯ, ಅದೇ ವರ್ಗ ನೋಡಿಯೇ ಹೋಲಿಸಬೇಕು. ಕಂಪ್ಯೂಟರ್ ಓದಿದ ಪಕ್ಕದ ಮನೆ ಹುಡುಗನ ಸ್ಕೋರಿಗೆ ಹೋಲಿಸಬೇಡಿ.

3. ರಾಜ್ಯದ ಕಾಲೇಜುಗಳ ಎಂ.ಟೆಕ್. ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿ.ಜಿ.ಸಿ.ಇ.ಟಿ. ದಾರಿ ಇದೆ. ಅದರ ಕೊನೆಯ ದಿನಾಂಕ ಮರೆಯಬೇಡಿ.

4. ಗೇಟ್ ಸ್ಕೋರು 3 ವರ್ಷ ನಡೆಯುತ್ತದೆ. ಈ ವರ್ಷ ಸೀಟು ಒಪ್ಪದಿದ್ದರೆ ಮಗಳು ಕೆಲಸಕ್ಕೆ ಸೇರಿ, ಮತ್ತೊಮ್ಮೆ ಬರೆಯಬಹುದು.

ಯಜಮಾನರಿಗೆ ಖರ್ಚಿನ ಚಿಂತೆಯಿದ್ದರೆ ಇದನ್ನೂ ಹೇಳಿ: ಗೇಟ್ ಅರ್ಹತೆಯ ಮೇಲೆ ಮಾನ್ಯತೆಯ ಕಾಲೇಜಿಗೆ ಸೇರಿದ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಎ.ಐ.ಸಿ.ಟಿ.ಇ. ಶಿಷ್ಯವೇತನ ಉಂಟು. ಕಾಲೇಜಿನಲ್ಲಿ ವಿಚಾರಿಸಿಯೇ ಸೇರಿಸಿ. “ದುಡ್ಡು ಕೊಡ್ರಿ, ಸೀಟು ಕೊಡಿಸ್ತೀನಿ” ಎನ್ನುವವರನ್ನು ಮಾತ್ರ ಹೊಸ್ತಿಲ ಆಚೆಯೇ ನಿಲ್ಲಿಸಿ.

ಇನ್ನು ಗಂಡು ನೋಡುವ ಮಾತು. ಅದಕ್ಕೆ ಮಗಳ ಮನಸ್ಸು ಕೇಳಬೇಕೇ ಹೊರತು ಅವಳ ಸ್ಕೋರನ್ನಲ್ಲ. ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, “ನಿನಗೇನು ಬೇಕವ್ವಾ?” ಎಂದು ಕೇಳಿ ನೋಡಿ ತಂಗೀ. ಉತ್ತರ ಬಂದ ಮೇಲೆ ಯಜಮಾನರ ಹತ್ತಿರ ಮಾತಾಡುವುದು ನಿಮಗೂ ಸುಲಭವಾದೀತು.