ಒಂದು ಮನೆಗೆ ಎಷ್ಟು ಟನ್ ಕಬ್ಬು?



ಈ ಸಲದ ಕಬ್ಬಿನ ಬಿಲ್ಲು ಕೈಗೆ ಬಂದ ಕೂಡಲೇ ಹಳೆ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಬೇಕೆಂದು ನಿಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿದ್ದೀರಿ. ಮಗಳ ಲಗ್ನ ಗೊತ್ತಾಗಿದೆ, ಬೀಗರು ಬರುವವರಿದ್ದಾರೆ, ಮಳೆಗಾಲಕ್ಕೆ ಪಡಸಾಲೆ ಸೋರುತ್ತದೆ. ಕಾರಣಗಳಿಗೇನು ಕಡಿಮೆಯಿಲ್ಲ. ಆದರೆ ಗುದ್ದಲಿ ಎತ್ತುವ ಮೊದಲು ಒಂದು ತಾಸು ಕುಳಿತು ನನ್ನ ಮಾತು ಕೇಳಿರಿ. ನಾನು ಎಂಜಿನಿಯರ್ ಅಲ್ಲ. ಸಾವಳಗಿಯ ಒಬ್ಬ ಒಕ್ಕಲಿಗ. ಒಮ್ಮೆ ಮನೆ ಕಟ್ಟಿಸಿ ಕೈ ಸುಟ್ಟುಕೊಂಡವನು.

2009ರ ಸೆಪ್ಟೆಂಬರ್ ಕೊನೆಗೆ ಬಿದ್ದ ಮಳೆ ನಿಮಗೆ ನೆನಪಿರಬೇಕು. ಹೊಳೆಯ ನೀರು ನಮ್ಮ ಮನೆಯ ತನಕ ಬರಲಿಲ್ಲ, ಆಕಾಶದ ನೀರೇ ಸಾಕಾಯಿತು. ಮೇಲ್ಮುದ್ದೆ ನೆನೆದು, ತೊಲೆ ಬಾಗಿ, ಮುಂದಿನ ಎರಡು ಅಂಕಣ ಕುಸಿದವು. ಆಗ ನನಗಿದ್ದದ್ದು ನಾಲ್ಕೂವರೆ ಎಕರೆ. "ಚದರ ಫೂಟಿಗೆ ಇಷ್ಟು" ಎಂದು ಒಬ್ಬ ಗುತ್ತೇದಾರ ಬಾಯಿಮಾತಿನಲ್ಲಿ ಹೇಳಿದ, ನಾನೂ ಹೂಂ ಅಂದೆ. ಗೋಡೆ ಎದೆಮಟ್ಟ ಏಳುವುದರೊಳಗೆ ರೊಕ್ಕ ಮುಗಿಯಿತು. ಫ್ಯಾಕ್ಟರಿಯ ಬಿಲ್ಲು ಬರಲಿಲ್ಲ. ಎರಡು ಲಕ್ಷ ಕೈಗಡ ತಂದೆ, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ. ಅಂದರೆ ತಿಂಗಳಿಗೆ 6,000, ವರ್ಷಕ್ಕೆ 72,000. ಮೂರು ವರ್ಷಕ್ಕೆ ಬಡ್ಡಿಯೇ 2 ಲಕ್ಷ 16 ಸಾವಿರ ಆಯಿತು, ಅಸಲು ಇದ್ದಲ್ಲೇ ಇತ್ತು. ಕೊನೆಗೆ ಅರ್ಧ ಎಕರೆ ಮಾರಿ ಕೈ ತೊಳೆದುಕೊಂಡೆ. ಇವತ್ತು ನನಗಿರುವುದು ನಾಲ್ಕು ಎಕರೆ. ಆ ಗುತ್ತೇದಾರ ನನ್ನ ಹೊಲ ತಿನ್ನಲಿಲ್ಲ, ಬಡ್ಡಿಯವನೂ ಒಬ್ಬನೇ ತಿನ್ನಲಿಲ್ಲ. ಲೆಕ್ಕ ಬರೆಯದ ನನ್ನ ಸೋಮಾರಿತನ ಅರ್ಧ ತಿಂದಿತು. ಉಳಿದರ್ಧ ತಿಂದವರು ಯಾರೆಂಬುದನ್ನು ಮುಂದೆ ಹೇಳುತ್ತೇನೆ.

ಈಗ ಹಿಂದಿನ ಭಾಗವೂ ಕೈ ಬಿಡುವ ಹಾಗಾಗಿದೆ. ಹೊಸ ಗುತ್ತೇದಾರ ಬಂದ, ಹುಡುಗ, ಚುರುಕಿನವ. ಒಳಗೆ ಹೊರಗೆ ಒಂದು ಸಲ ಅಡ್ಡಾಡಿ ಹೇಳಿದ:

"ಕಾಕಾ, ಒಂಬತ್ತನೂರು ಫೂಟ್ ಆಗತೈತಿ. ಫೂಟಿಗೆ ಹದಿನೈದನೂರು ಹಿಡೀರಿ. ಹದಿಮೂರೂವರೆ ಲಕ್ಷದಾಗ ಮನಿ ಹೊಸದು ಮಾಡಿ ಕೊಡ್ತೀನಿ."

"ಆ ಹದಿನೈದನೂರಿನಾಗ ಏನೇನು ಐತಿ ತಮ್ಮಾ?"

"ಎಲ್ಲಾ ಬಂತಲ್ರೀ ಕಾಕಾ."

ಈ "ಎಲ್ಲಾ ಬಂತು" ಎಂಬ ಮಾತಿನಲ್ಲಿಯೇ ನಮ್ಮ ಹೊಲಗಳು ಹೋಗುತ್ತವೆ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಹದಿಮೂರು ಲಕ್ಷದ ಮನೆಯನ್ನು ಮಾತ್ರ ಒಂದು ಮಾತಿನ ಮೇಲೆ ಒಪ್ಪಿಬಿಡುತ್ತೀರಿ!

ನಮ್ಮ ಅಜ್ಜ ಈ ಮನೆ ಕಟ್ಟಿಸಿದಾಗ ಲೆಕ್ಕ ಬರೆಯುವ ಪ್ರಸಂಗವೇ ಇರಲಿಲ್ಲ. ಕಲ್ಲು ಹೊಲದ್ದು, ಬೇವಿನ ತೊಲೆ ಬದುವಿನದು, ಮಣ್ಣು ಊರಿನದು, ಮಾಳಿಗೆಗೆ ಹಾಕಿದ ಕರಲು ಹಳ್ಳದ್ದು. ಗೌಂಡಿಗೆ, ಬಡಿಗ್ಯಾಗೆ ಜೋಳದ ಚೀಲ ಹೋದವು. ಹೊಲವೇ ಮನೆಯಾಯಿತು. ನಾವು ಕಟ್ಟುವ ಮನೆಯಲ್ಲಿ ಹೊಲದ್ದು ಎಂಬುದು ಒಂದೂ ಇಲ್ಲ. ಸಿಮೆಂಟು, ಸಳಿ, ಉಸುಕು, ಟೈಲ್ಸು, ಪೈಪು, ಬಣ್ಣ ಎಲ್ಲ ಅಂಗಡಿಯದು, ಎಲ್ಲದಕ್ಕೂ ದರ ಕಟ್ಟಿದವರು ಬೇರೆ ಯಾರೋ. ಕಬ್ಬಿನ ದರವನ್ನೂ ಬೇರೆಯವರೇ ಕಟ್ಟುತ್ತಾರೆ. ಎರಡರ ನಡುವೆ ನಾವು ಸಿಕ್ಕಿದ್ದೇವೆ. ಆದ್ದರಿಂದಲೇ ಇವತ್ತು ಲೆಕ್ಕ ಬೇಕು.

ಲೆಕ್ಕ ಹೇಗೆ? ಚದರ ಫೂಟನ್ನು ಮರೆತುಬಿಡಿರಿ. ಚೀಲ, ಬ್ರಾಸು, ಕ್ವಿಂಟಲುಗಳಲ್ಲಿ ಬರೆಯಿರಿ.

ಸ್ಲ್ಯಾಬನ್ನೇ ತೆಗೆದುಕೊಳ್ಳಿರಿ. 600 ಚದರ ಅಡಿ, ಐದು ಇಂಚು ದಪ್ಪ ಎಂದರೆ 250 ಘನ ಅಡಿ ಕಾಂಕ್ರೀಟು. ಒಂದು ಪಾಲು ಸಿಮೆಂಟು, ಒಂದೂವರೆ ಉಸುಕು, ಮೂರು ಖಡಿ ಎಂದು ಹಿಡಿದರೆ ಸಿಮೆಂಟು 57-58 ಚೀಲ, ಉಸುಕು ಒಂದು ಬ್ರಾಸಿಗಿಂತ ತುಸು ಹೆಚ್ಚು, ಖಡಿ ಎರಡು ಬ್ರಾಸಿಗಿಂತ ತುಸು ಹೆಚ್ಚು, ಕಬ್ಬಿಣ ಆರರಿಂದ ಏಳು ಕ್ವಿಂಟಲು. ತೊಲೆ, ಕಂಬದ ಲೆಕ್ಕ ಬೇರೆ. ನಮ್ಮೂರ ಅಂಗಡಿಯ ದರದಿಂದ ಗುಣಿಸಿದೆ, ಸಾಮಾನಿಗೆ 75 ಸಾವಿರದೊಳಗೆ ಬಂತು. ಸೆಂಟ್ರಿಂಗು, ಸಳಿ ಕಟ್ಟುವುದು, ಸ್ಲ್ಯಾಬು ಹಾಕುವ ಕೂಲಿ ಸೇರಿ 1 ಲಕ್ಷ 35 ಸಾವಿರ. ಇದೇ ರೀತಿ ಗಿಲಾವು, ಫರಸಿ, ಬಚ್ಚಲು, ವಾಯರಿಂಗು ಒಂದೊಂದನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ.

ಬರೆದರೆ ಸಾಲದು, ಅಳೆಯಿರಿ. ಒಂದು ಬ್ರಾಸ್ ಎಂದರೆ ನೂರು ಘನ ಅಡಿ. ಉಸುಕಿನ ಟ್ರೇಲರ್ ಬಂದಾಗ ಉದ್ದ, ಅಗಲ, ಎತ್ತರ ಟೇಪು ಹಿಡಿದು ಗುಣಿಸಿರಿ. "ಇದು ಒಂದು ಬ್ರಾಸಿನ ಡಬ್ಬಿ" ಎಂಬ ಮಾತನ್ನು ನಂಬಬೇಡಿರಿ. ಸಳಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮಿಲಿಮೀಟರಿನ ಸಳಿ ಮೀಟರಿಗೆ ಹೆಚ್ಚುಕಡಿಮೆ 890 ಗ್ರಾಂ ಇರಬೇಕು. ಫ್ಯಾಕ್ಟರಿಯ ಕಾಟಾದಲ್ಲಿ ಕಬ್ಬು ತೂಗುವಾಗ ನಮ್ಮ ಕಣ್ಣು ಎಷ್ಟು ಅಗಲವಾಗಿರುತ್ತದೆಯೋ ಕಬ್ಬಿಣದ ಅಂಗಡಿಯ ಕಾಟಾದ ಮುಂದೆಯೂ ಅಷ್ಟೇ ಅಗಲವಾಗಿರಲಿ. ಸಿಮೆಂಟಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಆ ಲೆಕ್ಕಕ್ಕೆ 350 ರೂಪಾಯಿಯ ಚೀಲ 323ಕ್ಕೆ ಬರಬೇಕು. ನಿಮ್ಮ ಅಂಗಡಿಯಲ್ಲಿ ಬಂದಿತೇ? ಪಾವತಿ ಕೇಳಿ ನೋಡಿರಿ.

ಹಳೆ ಮನೆಗೆ ಹೊಸ ಸ್ಲ್ಯಾಬು ಹಾಕುವವರಿಗೆ ಇನ್ನೊಂದು ಎಚ್ಚರಿಕೆ. ನಾ ಹೇಳಿದ ಆ ಸ್ಲ್ಯಾಬಿನ ತೂಕ ಹದಿನೇಳು-ಹದಿನೆಂಟು ಟನ್ನು. ಎರಡು ಟ್ರೇಲರ್ ಕಬ್ಬನ್ನು ತಲೆಯ ಮೇಲೆ ಇಟ್ಟ ಹಾಗೆ. ಮಣ್ಣಿನ ಮಾಳಿಗೆಯೂ ಹಗುರವೇನಲ್ಲ ಎನ್ನುತ್ತೀರಿ. ಖರೆ, ಆದರೆ ಆ ಭಾರವನ್ನು ಹೊತ್ತದ್ದು ಕಟ್ಟಿಗೆಯ ಕಂಬ ಮತ್ತು ತೊಲೆ. ಕಂಬ ಕಿತ್ತು, ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಯ ಮೇಲೆ ಸ್ಲ್ಯಾಬು ಕೂಡಿಸಿದರೆ ಗೋಡೆ ಬಾಯಿ ಬಿಡುತ್ತದೆ. ಅದಕ್ಕೆ ಬುನಾದಿಯಿಂದ ಕಾಂಕ್ರೀಟಿನ ಕಂಬ ಏಳಬೇಕು. ಈ ಖರ್ಚನ್ನು ಮೊದಲು ಯಾರೂ ಹೇಳುವುದಿಲ್ಲ, ಮಾಳಿಗೆ ಬಿಚ್ಚಿದ ಮೇಲೆ ಹೇಳುತ್ತಾರೆ. ಮಾಳಿಗೆ ಬಿಚ್ಚಿದ ರೈತ ಮಳೆಗೆ ಹೆದರಿ ಯಾವ ದರಕ್ಕಾದರೂ ಹೂಂ ಅನ್ನುತ್ತಾನೆ. ಹಾಗೆಯೇ ಬಿಚ್ಚಿದ ತೊಲೆ, ಜಂತಿ, ಬಾಗಿಲ ಚೌಕಟ್ಟು, ಕಲ್ಲು ನಿಮ್ಮವು. "ಹಳೇ ಕಸ ನಾನ ಒಯ್ತೀನಿ" ಎಂದು ಗುತ್ತೇದಾರ ದೊಡ್ಡ ಮನಸ್ಸು ತೋರಿಸಿದರೆ ಆ ಕಸದ ಬೆಲೆಯನ್ನು ಮೊದಲು ಕೇಳಿಕೊಂಡು ಬರ್ರಿ.

ನನ್ನ ಹಾಳೆಗಳನ್ನೆಲ್ಲ ಕೂಡಿಸಿದೆ. ಸಾಮಾನು 5 ಲಕ್ಷ 70 ಸಾವಿರ. ಕೂಲಿ 2 ಲಕ್ಷ 60 ಸಾವಿರ. ಬಾಗಿಲು, ಪೈಪು, ವಾಯರಿಂಗು 90 ಸಾವಿರ. ಒಟ್ಟು 9 ಲಕ್ಷ 20 ಸಾವಿರ. ಅದರ ಮೇಲೆ ಗುತ್ತೇದಾರನ ಲಾಭ ಮತ್ತು ಮೇಲ್ಖರ್ಚೆಂದು ನೂರಕ್ಕೆ 15 ಹಾಕಿದೆ, 1 ಲಕ್ಷ 38 ಸಾವಿರ. ಎಲ್ಲ ಸೇರಿ 10 ಲಕ್ಷ 58 ಸಾವಿರ. ಒಡೆದ ಮೇಲೆ ಕಾಣುವ ಖರ್ಚಿಗೆಂದು ಇನ್ನೊಂದು ಲಕ್ಷ ಬೇರೆ ಇಟ್ಟೆ. ಅದು ನನ್ನ ಪೆಟ್ಟಿಗೆಯಲ್ಲಿರುವ ರೊಕ್ಕ, ಅವನಿಗೆ ಹೇಳುವುದಲ್ಲ. ಹುಡುಗನನ್ನು ಕರೆದು ಹಾಳೆ ಮುಂದಿಟ್ಟೆ. ಎರಡು ಸಲ ಓದಿದ, ತಲೆ ಕೆರೆದುಕೊಂಡ. "ಕಾಕಾ, ನೀವು ಮೊದಲ ಹೇಳಬೇಕಿತ್ತಲ್ರೀ" ಅಂದ. ಅದೇ ದರಕ್ಕೆ ಒಪ್ಪಿದ. ವ್ಯತ್ಯಾಸ 2 ಲಕ್ಷ 92 ಸಾವಿರ. 2009ರಲ್ಲಿ ನನ್ನ ಹೊಲ ಕಳೆದದ್ದು ಇದಕ್ಕಿಂತ ಕಡಿಮೆ ಸಾಲಕ್ಕೆ!

ಇಲ್ಲಿಗೆ ಮನೆಯ ಲೆಕ್ಕ ಮುಗಿಯಿತು. ನನ್ನ ನಿಜವಾದ ಜಗಳ ಈಗ ಶುರುವಾಗುತ್ತದೆ.

ಆ ನೂರಕ್ಕೆ 15 ನಾನು ಕನಸಿನಲ್ಲಿ ಕಂಡದ್ದಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಾಮಗಾರಿಗಳ ದರ ಕಟ್ಟುವಾಗ ಸಾಮಾನು, ಕೂಲಿ, ಯಂತ್ರದ ಬಾಡಿಗೆ ಎಲ್ಲ ಹಿಡಿದು, ಅದರ ಮೇಲೆ ಗುತ್ತಿಗೆದಾರನ ಲಾಭ ಮತ್ತು ಮೇಲ್ಖರ್ಚಿಗೆ ನೂರಕ್ಕೆ 15 ಸೇರಿಸುತ್ತದೆ. ಸರಿಯಾಗಿಯೇ ಇದೆ. ಲಾಭವಿಲ್ಲದೆ ಯಾರು ಕೆಲಸ ಮಾಡಿಯಾರು? ನನಗೆ ಗುತ್ತೇದಾರನ ಮೇಲೆ ಸಿಟ್ಟಿಲ್ಲ. ಗೌಂಡಿಯ ಕೂಲಿಯಲ್ಲಿ ನೂರು ರೂಪಾಯಿ ಮುರಿಯುವ ರೈತ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುತ್ತಾನೆ ಎಂದೂ ಹೇಳುತ್ತೇನೆ, ಅವನೂ ನಮ್ಮವನೇ, ಅವನ ಮನೆಯಲ್ಲೂ ಒಲೆ ಉರಿಯಬೇಕು. ನನ್ನ ಪ್ರಶ್ನೆ ಒಂದೇ. ಇದೇ ಸರ್ಕಾರಕ್ಕೆ ಕಬ್ಬಿನ ಮುಂದೆ ಬಂದಾಗ ಈ ಲೆಕ್ಕ ಯಾಕೆ ಮರೆಯುತ್ತದೆ?

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ ಎಫ್.ಆರ್.ಪಿ. ಗೊತ್ತುಮಾಡಿತು, 10.25ರ ಇಳುವರಿಗೆ. ಉತ್ಪಾದನಾ ವೆಚ್ಚ 173 ರೂಪಾಯಿ, ನಾವು ಅದರ ಎರಡು ಪಟ್ಟಿಗಿಂತ ಹೆಚ್ಚು ಕೊಟ್ಟೆವು ಎಂದು ಬೆನ್ನು ಚಪ್ಪರಿಸಿಕೊಂಡಿತು. ಯಾವ ವೆಚ್ಚ ಅದು? ಕೈಯಿಂದ ಹೋದ ಖರ್ಚು, ಮನೆಮಂದಿಯ ದುಡಿಮೆ, ಅಷ್ಟೇ. ಸ್ವಂತ ಹೊಲದ ಗೇಣಿ ಅದರಲ್ಲಿಲ್ಲ. ಬಾವಿ, ಪೈಪು, ಮೋಟಾರಿಗೆ ಹಾಕಿದ ಸ್ವಂತ ಬಂಡವಾಳದ ಬಡ್ಡಿ ಇಲ್ಲ. ಅವನ್ನು ಸೇರಿಸುವ ಸಿ-2 ಎಂಬ ಲೆಕ್ಕ ಸರ್ಕಾರದ ಬೆಲೆ ಆಯೋಗದ ಕೈಯಲ್ಲೇ ಇದೆ, ಆದರೆ ಜಾಹೀರಾತಿಗೆ ಬರುವುದಿಲ್ಲ. ಗುತ್ತಿಗೆದಾರನಿಗೆ "ನಿನ್ನ ಯಂತ್ರ ನಿನ್ನದೇ, ಅದಕ್ಕೆ ಬಾಡಿಗೆ ಯಾಕೆ?" ಎಂದು ಯಾವ ಸಾಹೇಬನಾದರೂ ಕೇಳಿದ್ದುಂಟೇ? ಮೇಲಾಗಿ ಆ 355ರಲ್ಲಿಯೇ ಕಡಿಯುವ ಕೂಲಿ, ಸಾಗಿಸುವ ಬಾಡಿಗೆ ಮುರಿಯುತ್ತಾರೆ. ಸಿಮೆಂಟಿನ ಕಂಪನಿ ಲಾರಿ ಬಾಡಿಗೆಯನ್ನು ತನ್ನ ಕಿಸೆಯಿಂದ ಕೊಡುತ್ತದೆಯೇ? ಅದನ್ನೂ ನಾವೇ ಕೊಡುತ್ತೇವೆ!

2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೇಳಿ ರಸ್ತೆಯಲ್ಲಿ ಕುಳಿತರು. ಸರ್ಕಾರ 3,300ಕ್ಕೆ ಬಂತು, ಅದಕ್ಕೂ ಇಳುವರಿಯ ಕರಾರು. ಆ 3,300ನ್ನೇ ಹಿಡಿದು ನನ್ನ ಮನೆಯನ್ನು ಭಾಗಿಸಿರಿ. 10 ಲಕ್ಷ 58 ಸಾವಿರಕ್ಕೆ 320 ಟನ್ ಕಬ್ಬು. ಎಕರೆಗೆ 40 ಟನ್ನೆಂದರೆ ಎಂಟು ಎಕರೆ. ನನಗಿರುವುದು ನಾಲ್ಕು. ಅಂದರೆ ಎರಡು ವರ್ಷ ಗೊಬ್ಬರ ಹಾಕದೆ, ಆಳು ಕರೆಯದೆ, ಮನೆಮಂದಿ ಉಣ್ಣದೆ ಬೆಳೆದರೆ ಸೋರದ ಒಂದು ಮಾಳಿಗೆ ಸಿಗುತ್ತದೆ. ಲೆಕ್ಕ ಬರೆಯದಿದ್ದರೆ ಇನ್ನೂ 88 ಟನ್ನು ಹೆಚ್ಚು ಹೋಗುತ್ತಿತ್ತು. ಇದು ನನ್ನ ಕೈಲಿದ್ದ ತಪ್ಪು, ತಿದ್ದಿಕೊಂಡೆ. ಉಳಿದ 320 ಟನ್ನಿನ ತಪ್ಪು ಯಾರದು?

ಬಿಲ್ಲಾದರೂ ವೇಳೆಗೆ ಬರುತ್ತದೆಯೇ? 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ರೊಕ್ಕ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರ ಬಡ್ಡಿ ಕೊಡಬೇಕು. ಆ ಬಡ್ಡಿ ಕೈಗೆ ಬಂದವರು ನಿಮ್ಮೂರಲ್ಲಿ ಎಷ್ಟು ಜನ ಇದ್ದಾರೆ, ಕೈ ಎತ್ತಿರಿ. ಬಿಲ್ಲು ತಡವಾದರೆ ಗೌಂಡಿ ನಿಲ್ಲುವುದಿಲ್ಲ, ಅಂಗಡಿಯವನು ಉದ್ರಿ ಕೊಡುವುದಿಲ್ಲ. ಬ್ಯಾಂಕಿಗೆ ಹೋದರೆ ಇ-ಸ್ವತ್ತು ಉತಾರ ತಾ ಎನ್ನುತ್ತಾರೆ. ಆಗ ಕೈ ಹೋಗುವುದು ಸೊಸೈಟಿಯ ಬೆಳೆ ಸಾಲಕ್ಕೆ. ಐದು ಲಕ್ಷದವರೆಗೆ ಬಡ್ಡಿಯಿಲ್ಲ, ನಿಜ. ವಾಯಿದೆಗೆ ಕಟ್ಟಿದರೆ ಮಾತ್ರ. ಬೀಜ-ಗೊಬ್ಬರದ ರೊಕ್ಕ ಸ್ಲ್ಯಾಬಾಗಿ ಕುಳಿತರೆ ವಾಯಿದೆಗೆ ಎಲ್ಲಿಂದ ತರುತ್ತೀರಿ? ಬೆಳೆ ಸಾಲವನ್ನು ಮನೆಗೆ ಹಾಕಬೇಡಿರಿ, ಕೈ ಮುಗಿದು ಹೇಳುತ್ತೇನೆ.

ಇನ್ನೊಂದು ಚೋದ್ಯ ನೋಡಿರಿ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆ ಯಾರಿಗೆ ಇಲ್ಲ ಎಂಬ ಪಟ್ಟಿಯಲ್ಲಿ 50,000 ಅಥವಾ ಹೆಚ್ಚು ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡು ಇರುವವನೂ ಇದ್ದಾನೆ. ಸಾಲ ಇದ್ದವನು ಶ್ರೀಮಂತ! ನಮ್ಮ ಸಾಲವನ್ನೇ ಆಸ್ತಿಯೆಂದು ಎಣಿಸುವ ಜಾಣರು ನಮ್ಮ ಆಸ್ತಿಗೆ ಗೇಣಿ ಎಣಿಸಲು ಮಾತ್ರ ಒಲ್ಲೆ ಎನ್ನುತ್ತಾರೆ.

"ಲೆಕ್ಕ ನಮಗೆಲ್ಲಿ ತಿಳಿಯಬೇಕು" ಎನ್ನಬೇಡಿರಿ. ನಮ್ಮ ತಾಲ್ಲೂಕಿನ ಚಿಕ್ಕಪಡಸಲಗಿಗೆ ಹೋಗಿ ಕೃಷ್ಣೆಯ ದಂಡೆಯಲ್ಲಿ ನಿಂತು ನೋಡಿರಿ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಕೃಷ್ಣಾ ತೀರದ ರೈತರು ತಾವೇ ವಂತಿಗೆ ಹಾಕಿ, ತಾವೇ ಬೆವರು ಸುರಿಸಿ ಬ್ಯಾರೇಜು ಕಟ್ಟಿ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಹೊಳೆಗೆ ಅಡ್ಡ ಕಟ್ಟುವ ಲೆಕ್ಕ ಮಾಡಿದ ಜನ ನಾವು. ನಾಲ್ಕು ಅಂಕಣದ ಮನೆಯ ಲೆಕ್ಕ ನಮಗೆ ಬಾರದೇ?

ಆದ್ದರಿಂದ ಈ ಬೇಸಿಗೆಯಲ್ಲಿ ಇಷ್ಟು ಮಾಡಿರಿ. ಎರಡು ರೂಪಾಯಿಯ ಹಾಳೆಯಲ್ಲಾದರೂ ಸರಿ, ಎಡಕ್ಕೆ ಮನೆಯ ಲೆಕ್ಕ ಬರೆಯಿರಿ: ಸಾಮಾನು, ಕೂಲಿ, ಬಾಡಿಗೆ, ಬಡ್ಡಿ, ಲಾಭ. ಬಲಕ್ಕೆ ಒಂದು ಎಕರೆ ಕಬ್ಬಿನ ಲೆಕ್ಕ ಅದೇ ಸಾಲುಗಳಲ್ಲಿ ಬರೆಯಿರಿ: ಬೀಜ, ಗೊಬ್ಬರ, ನೀರು, ಆಳು, ಮನೆಮಂದಿಯ ಕೂಲಿ, ಹೊಲದ ಗೇಣಿ, ಬಡ್ಡಿ, ಲಾಭ. ಎಡಗಡೆಯ ಒಂದು ಸಾಲೂ ಖಾಲಿ ಇರುವುದಿಲ್ಲ. ಬಲಗಡೆ ಯಾವ ಯಾವ ಸಾಲು ಖಾಲಿ ಉಳಿದವೆಂದು ಮನೆಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ತೋರಿಸಿರಿ. ಆ ಹಾಳೆಯನ್ನು ಮುಂದಿನ ಸಭೆಗೆ ತರ್ರಿ. ಕಾಟಾದ ಮುಂದೆ, ಕಚೇರಿಯ ಮುಂದೆ ಘೋಷಣೆ ಕೂಗಿದ್ದು ಸಾಕಷ್ಟಾಯಿತು. ಇನ್ನು ಲೆಕ್ಕ ಓದೋಣ. ಘೋಷಣೆಗೆ ಅವರು ಕಿವಿ ಮುಚ್ಚಿಕೊಂಡಾರು, ಲೆಕ್ಕಕ್ಕೆ ಉತ್ತರ ಕೊಡಲೇಬೇಕು.